ಹಳೆಯ ಜಪಾನಿ ಸೆಡಾನ್ ಕೊಳ್ಳುವ ಮುನ್ನ, ಕೊಂಡ ಮೇಲೆ: ಹುಬ್ಬಳ್ಳಿ-ಧಾರವಾಡದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಈಗ ಎರಡು-ಮೂರು ಲಕ್ಷ ರೂಪಾಯಿಗೆ ಟೊಯೊಟಾ ಕ್ಯಾಮ್ರಿ, ನಿಸಾನ್ ಟಿಯಾನಾ, ಸುಜುಕಿ ಕಿಜಾಶಿ ಕಣ್ಣಿಗೆ ಬೀಳುತ್ತವೆ. ಹೊಸದಿದ್ದಾಗ ಇವುಗಳಲ್ಲಿ ಯಾವುದೂ ಹದಿನಾರು ಲಕ್ಷಕ್ಕಿಂತ ಕಡಿಮೆ ಇರಲಿಲ್ಲ. ಇಂಥ ಕಾರು ಸಾಕುವವರು ಮತ್ತು ಸಾಕಲು ಹೊರಟವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಮೊದಲೇ ಒಂದು ಮಾತು: ಕಾರಿಗೆ ಎಷ್ಟು ಕೊಡುತ್ತೀರೋ ಅದರ ಅರ್ಧದಷ್ಟು ಹಣ ಬೇರೆಯಾಗಿ ಕೈಯಲ್ಲಿ ಇಲ್ಲದಿದ್ದರೆ ಕೊಳ್ಳಬೇಡಿ. ಮುಂದಿನ ಬಹುತೇಕ ಉತ್ತರಗಳು ಈ ಮಾತಿನ ವಿವರಣೆಯೇ.

ಇವೆಲ್ಲ ನಿಜವಾಗಿಯೂ ಜಪಾನಿನಿಂದ ಬಂದ ಕಾರುಗಳೇ?

ಎಲ್ಲವೂ ಅಲ್ಲ. ಕ್ಯಾಮ್ರಿ 2002ರಿಂದ ಪೂರ್ತಿ ತಯಾರಾದ ಕಾರಾಗಿಯೇ ಹಡಗಿನಲ್ಲಿ ಬರುತ್ತಿತ್ತು. ಬಿಡದಿಯಲ್ಲಿ ಅದರ ಜೋಡಣೆ ಶುರುವಾದದ್ದು 2012ರಲ್ಲಿ. ಟಿಯಾನಾ 2007ರಿಂದ, ಕಿಜಾಶಿ 2011ರಿಂದ ಹಾಗೆಯೇ ಆಮದಾದವು. ಕಿಜಾಶಿಯ ಮಾರಾಟ ಕೆಲವೇ ವರ್ಷಗಳಲ್ಲಿ ನಿಂತೂ ಹೋಯಿತು. ಅದೇ ಕಾಲದ ಹೊಂಡಾ ಅಕಾರ್ಡ್ ಮಾತ್ರ ಗ್ರೇಟರ್ ನೊಯ್ಡಾದಲ್ಲಿ ಜೋಡಣೆಯಾದ ಕಾರು. ಸಿವಿಕ್, ಕೊರೊಲ್ಲಾಗಳೂ ಇಲ್ಲಿಯವೇ.

ಮಾರುವವರ ಮಾತು ನಂಬುವ ಬದಲು ಚಾಸಿಸ್ ಸಂಖ್ಯೆ ನೋಡಿ. ಅದು ಇಂಗ್ಲಿಷಿನ ‘ಜೆ’ ಅಕ್ಷರದಿಂದ ಆರಂಭವಾದರೆ ಕಾರು ಜಪಾನಿನಲ್ಲಿ ತಯಾರಾದದ್ದು. ‘ಎಂಎ’ಯಿಂದ ‘ಎಂಇ’ವರೆಗಿನ ಜೋಡಿ ಅಕ್ಷರಗಳು ಭಾರತದವು. ‘ಎಂಆರ್’ ಇದ್ದರೆ ಥಾಯ್ಲೆಂಡ್. ಮುಂದಿನ ಪ್ರಶ್ನೆ ಓದಿದರೆ ಈ ಎರಡು ಅಕ್ಷರಗಳ ಬೆಲೆ ಎಷ್ಟೆಂದು ತಿಳಿಯುತ್ತದೆ.

ಹದಿನೈದು ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣಕ್ಕೆ ಎಷ್ಟು ಖರ್ಚಾಗುತ್ತದೆ?

ಹೆಚ್ಚಿನವರು ಎಡವುವುದು ಇಲ್ಲಿಯೇ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮದ ಪ್ರಕಾರ 15 ವರ್ಷ ದಾಟಿದ ಸಾಮಾನ್ಯ ಕಾರಿನ ನೋಂದಣಿ ನವೀಕರಣಕ್ಕೆ 5,000 ರೂಪಾಯಿ. ಆಮದು ಕಾರಾದರೆ 40,000 ರೂಪಾಯಿ. 2025ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿಯಲ್ಲಿ 20 ವರ್ಷ ಮೀರಿದ ಕಾರುಗಳಿಗೆ ಇದು ಇಮ್ಮಡಿಯಾಗಿ ಕ್ರಮವಾಗಿ 10,000 ಮತ್ತು 80,000 ರೂಪಾಯಿ ಆಯಿತು. ನವೀಕರಣ ಸಿಗುವುದು ಒಂದು ಸಲಕ್ಕೆ ಐದು ವರ್ಷಕ್ಕೆ. ಅವಧಿ ಮುಗಿದ ಮೇಲೆ ತಡವಾದ ಪ್ರತಿ ತಿಂಗಳಿಗೂ 500 ರೂಪಾಯಿ ಹೆಚ್ಚು ಕೊಡಬೇಕು. ಕರ್ನಾಟಕದ ಹಸಿರು ತೆರಿಗೆ ಬೇರೆ, ಆದರೆ ಇವುಗಳ ಮುಂದೆ ಅದು ಸಣ್ಣ ಮೊತ್ತ.

ಅಂದರೆ 2009ರ ಒಂದು ಕ್ಯಾಮ್ರಿಯನ್ನು ನೀವು ಎರಡೂವರೆ ಲಕ್ಷಕ್ಕೆ ಕೊಂಡಿರಿ ಎಂದುಕೊಳ್ಳಿ. ಹಿಂದಿನ ಮಾಲೀಕರು ನವೀಕರಣ ಮಾಡಿಸಿಲ್ಲವಾದರೆ ಕಾರಿನ ಬೆಲೆಯ ಆರನೇ ಒಂದು ಭಾಗ ಆರ್‌ಟಿಒ ಶುಲ್ಕಕ್ಕೇ ಹೋಗುತ್ತದೆ. ಆದ್ದರಿಂದ ಚೌಕಾಸಿಗೆ ಕೂರುವ ಮೊದಲು ಆರ್‌ಸಿಯ ಅವಧಿ ಎಲ್ಲಿಯವರೆಗೆ ಇದೆ, ವಾಹನ ದಾಖಲೆಯಲ್ಲಿ ‘ಆಮದು’ ಎಂದು ನಮೂದಾಗಿದೆಯೇ ಎಂಬ ಎರಡನ್ನೂ ಸರ್ಕಾರದ ಪರಿವಾಹನ್ ತಾಣದಲ್ಲಿ ನೋಡಿಕೊಳ್ಳಿ. ಅರ್ಜಿ ನಮೂನೆ 25ರಲ್ಲಿ. ಅವಧಿ ಮುಗಿಯುವ ಹಿಂದಿನ 60 ದಿನಗಳಲ್ಲಿ ಸಲ್ಲಿಸಬಹುದು. ಕಾರನ್ನು ನಿರೀಕ್ಷಕರ ಮುಂದೆ ನಿಲ್ಲಿಸಬೇಕಾಗುವುದರಿಂದ ಲೈಟು, ವೈಪರ್, ಹಾರ್ನ್, ಟೈರು, ಹೊಗೆ ತಪಾಸಣೆ ಪತ್ರ, ಅತಿ ಸುರಕ್ಷಿತ ನಂಬರ್ ಪ್ಲೇಟ್ ಎಲ್ಲ ಸರಿಯಿರಲಿ.

ದೆಹಲಿಯ ಕಾರು ಅಗ್ಗವಾಗಿ ಸಿಗುತ್ತಿದೆ. ತರಬಹುದೇ?

ಅಗ್ಗವಾಗಲು ಕಾರಣವಿದೆ. ರಾಜಧಾನಿ ವಲಯದಲ್ಲಿ ಹದಿನೈದು ವರ್ಷದ ಪೆಟ್ರೋಲ್ ಕಾರು, ಹತ್ತು ವರ್ಷದ ಡೀಸೆಲ್ ಕಾರು ಓಡಿಸಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಅಲ್ಲಿಂದ ದಕ್ಷಿಣಕ್ಕೆ ದೊಡ್ಡ ಪೆಟ್ರೋಲ್ ಸೆಡಾನ್‌ಗಳು ಬರತೊಡಗಿದವು. ಕಾರು ಚೆನ್ನಾಗಿಯೇ ಇರಬಹುದು. ಆದರೆ ಆ ರಾಜ್ಯದ ನಿರಾಕ್ಷೇಪಣಾ ಪತ್ರ, ಸಾಲವಿದ್ದರೆ ಅದು ತೀರಿತೆಂಬ ಬ್ಯಾಂಕಿನ ನಮೂನೆ 35, ಇಲ್ಲಿ ಕೆಎ-25 ಅಥವಾ ಕೆಎ-63 ಸಂಖ್ಯೆ ಪಡೆಯುವ ಕೆಲಸ, ಅದಕ್ಕೂ ಮುಖ್ಯವಾಗಿ ಕರ್ನಾಟಕದ ಜೀವಾವಧಿ ತೆರಿಗೆ, ಇಷ್ಟೂ ನಿಮ್ಮ ಪಾಲಿಗೆ ಬರುತ್ತದೆ. ತೆರಿಗೆ ವಯಸ್ಸಿಗೆ ತಕ್ಕಂತೆ ಕಡಿಮೆಯಾಗುತ್ತದಾದರೂ ಅದರ ಲೆಕ್ಕ ಕಾರಿನ ಮೂಲ ಬೆಲೆಯ ಮೇಲೆ. ಮುಂಗಡ ಕೊಡುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಆ ಮೊತ್ತವನ್ನು ಲೆಕ್ಕ ಹಾಕಿಸಿಕೊಳ್ಳಿ. ಇದನ್ನೆಲ್ಲ ಕೂಡಿಸಿದಾಗ ಐವತ್ತು ಸಾವಿರ ಹೆಚ್ಚು ಕೊಟ್ಟರೂ ನಮ್ಮ ರಾಜ್ಯದ್ದೇ ಕಾರು ಅಗ್ಗ ಎನಿಸುವುದು ಸಾಮಾನ್ಯ.

ಗೋವಾ, ಕಾರವಾರ, ಮುಂಬೈಯಿಂದ ಬರುವ ಕಾರುಗಳ ತೊಂದರೆ ಬೇರೆ. ಕಡಲ ಗಾಳಿಗೆ ತಳಭಾಗ ತುಕ್ಕು ಹಿಡಿದಿರುತ್ತದೆ. ರ‍್ಯಾಂಪಿನ ಮೇಲೆ ಏರಿಸಿ ಎಂಜಿನ್ ಹೊರುವ ಸಬ್‌ಫ್ರೇಮ್, ಬಾಗಿಲ ಕೆಳಗಿನ ಪಟ್ಟಿ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ ನೋಡಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಭಾಗದಲ್ಲಿ ಕೆಸರಿನ ಕಲೆ ಕಂಡರೆ ಅದು ನೆರೆ ನೀರಿನಲ್ಲಿ ನಿಂತ ಕಾರು. ಎಷ್ಟು ಅಗ್ಗವಾದರೂ ಬೇಡ.

ಜಪಾನಿನಲ್ಲಿ ಹಳೆಯ ಕಾರುಗಳು ಬಹಳ ಅಗ್ಗವಂತೆ. ನಾನೇ ತರಿಸಿಕೊಳ್ಳಬಹುದೇ?

ಇಲ್ಲ. ಬಳಸಿದ ಕಾರು ತಯಾರಾಗಿ ಮೂರು ವರ್ಷಕ್ಕಿಂತ ಹಳೆಯದಿರಬಾರದು ಎಂಬ ನಿಯಮವಿದೆ, ಮೇಲೆ ಕಾರಿನ ಬೆಲೆಯನ್ನೂ ಮೀರುವ ಆಮದು ಸುಂಕ. ಆ ದಾರಿ ಮುಚ್ಚಿದೆ ಎಂದೇ ತಿಳಿಯಿರಿ.

ಎಂಜಿನ್‌ಗಳ ಸಾಮಾನ್ಯ ತೊಂದರೆಗಳು ಯಾವುವು?

ಒಂದೊಂದಕ್ಕೂ ಒಂದೊಂದು ದುರ್ಬಲ ಜಾಗವಿದೆ.

ಆಮದಾದ ಕ್ಯಾಮ್ರಿಗಳಲ್ಲಿ ಸಾಮಾನ್ಯವಾಗಿರುವುದು 2.4 ಲೀಟರಿನ 2ಎಝಡ್-ಎಫ್‌ಇ ಎಂಜಿನ್. 2006ರ ನಂತರದ ಕಾರುಗಳಲ್ಲಿ ಇದು ಎಂಜಿನ್ ಆಯಿಲ್ ಕುಡಿಯುತ್ತದೆ. ಆಯಿಲ್ ರಿಂಗ್‌ನ ಹಿಂದೆ ಪಿಸ್ಟನ್‌ನಲ್ಲಿರುವ ಸಣ್ಣ ತೂತುಗಳು ಮಸಿಯಿಂದ ಮುಚ್ಚಿಕೊಂಡು, ಸಿಲಿಂಡರಿನ ಗೋಡೆಯ ಮೇಲಿನ ಆಯಿಲ್ ಕೆಳಗಿಳಿಯದೆ ಪೆಟ್ರೋಲಿನ ಜೊತೆ ಉರಿದುಹೋಗುತ್ತದೆ. ಅಮೆರಿಕದಲ್ಲಿ 2007ರಿಂದ 2009ರ ಕ್ಯಾಮ್ರಿಗಳಿಗೆ ಟೊಯೊಟಾ ಇದಕ್ಕಾಗಿಯೇ ವಾರಂಟಿ ವಿಸ್ತರಿಸಿ ಪಿಸ್ಟನ್ ಮತ್ತು ರಿಂಗ್ ಬದಲಿಸಿಕೊಟ್ಟಿತ್ತು. ಇಲ್ಲಿ ಆ ಖರ್ಚು ನಿಮ್ಮದೇ. ಬೆಳಿಗ್ಗೆ ಮೊದಲ ಸಲ ಶುರು ಮಾಡಿದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆಯೇ ನೋಡಿ; ಅದಕ್ಕಾಗಿ ಮಾರುವವರಿಗೆ ಮೊದಲೇ ಹೇಳಿ, ನೀವು ಬರುವ ತನಕ ಎಂಜಿನ್ ಹಚ್ಚದಿರಲಿ. ಕೊಂಡ ಮೇಲೆ ಪ್ರತಿ ಸಾವಿರ ಕಿಲೋಮೀಟರಿಗೆ ಡಿಪ್‌ಸ್ಟಿಕ್ ನೋಡಿ. ಅರ್ಧ ಲೀಟರ್ ಇಳಿದರೆ ತುಂಬಿಸುತ್ತ ಓಡಿಸಬಹುದು. ಒಂದು ಲೀಟರ್ ಇಳಿದರೆ ಎಂಜಿನ್ ಬಿಚ್ಚುವ ಮಾತು. ಇಂಥ ಎಂಜಿನ್‌ಗಳಲ್ಲಿ ಬಹಳಷ್ಟು ಕೆಟ್ಟಿರುವುದು ಆಯಿಲ್ ಕುಡಿದದ್ದರಿಂದಲ್ಲ, ಕುಡಿದದ್ದನ್ನು ಯಾರೂ ನೋಡದೆ ಬರಿದಾಗಿ ಓಡಿದ್ದರಿಂದ.

2006ಕ್ಕಿಂತ ಮೊದಲಿನ ಕ್ಯಾಮ್ರಿಯಲ್ಲಿ ಇನ್ನೊಂದನ್ನು ಗಮನಿಸಬೇಕು. ಅಲ್ಯೂಮಿನಿಯಂ ಬ್ಲಾಕಿನಲ್ಲಿ ಹೆಡ್ ಬೋಲ್ಟಿನ ಮರೆ (ಥ್ರೆಡ್) ಕಿತ್ತುಬಂದು, ಎಂಜಿನ್ನಿನ ಹಿಂಬದಿಯಿಂದ ಕೂಲಂಟ್ ಒಸರುತ್ತದೆ. ಟಾರ್ಚ್ ಹಿಡಿದು ನೋಡದೆ ಇದು ಕಾಣುವುದಿಲ್ಲ. ಮರೆಗೆ ಉಕ್ಕಿನ ಇನ್ಸರ್ಟ್ ಕೂರಿಸಿ ರಿಪೇರಿ ಮಾಡಬಹುದು, ಆದರೆ ಅಳತೆ ತಪ್ಪದ ಕೈ ಬೇಕು.

ಟಿಯಾನಾದ ವಿ6 ಎಂಜಿನ್ ಗಟ್ಟಿ, ಸದ್ದಿಲ್ಲದ್ದು. ಕಷ್ಟ ಬರುವುದು ಸಣ್ಣ ಕೆಲಸಗಳಲ್ಲಿ. ಆರು ಸ್ಪಾರ್ಕ್ ಪ್ಲಗ್‌ಗಳಲ್ಲಿ ಹಿಂದಿನ ಮೂರಕ್ಕೆ ಕೈ ಹೋಗಬೇಕಾದರೆ ಇನ್‌ಟೇಕ್ ಮ್ಯಾನಿಫೋಲ್ಡನ್ನೇ ಬಿಚ್ಚಬೇಕು. ಹೀಗಾಗಿ ಕೆಲವು ಕಾರುಗಳಲ್ಲಿ ಮುಂದಿನ ಮೂರನ್ನು ಮಾತ್ರ ಬದಲಿಸಿ ಆರರ ಬಿಲ್ಲು ಬರೆದಿರುವುದುಂಟು. ಹಳೆಯ ಪ್ಲಗ್‌ಗಳನ್ನು ಕೈಗೆ ಕೊಡಿ ಎಂದು ಕೇಳಿ, ಎಣಿಸಿಕೊಳ್ಳಿ.

ಕಿಜಾಶಿಯ 2.4 ಲೀಟರ್ ಎಂಜಿನ್ ಇವುಗಳಲ್ಲಿ ಅತ್ಯಂತ ನಿರುಪದ್ರವಿ ಎಂಬುದು ನನ್ನ ಅಭಿಪ್ರಾಯ. ಅದೇ ಎಂಜಿನ್ ಆಮದಾದ ಗ್ರ್ಯಾಂಡ್ ವಿಟಾರಾದಲ್ಲೂ ಇದ್ದುದರಿಂದ ಬಿಡಿಭಾಗ ಹುಡುಕಲು ಎರಡು ದಾರಿ.

ಈ ಮೂರರಲ್ಲೂ ಇರುವುದು ಟೈಮಿಂಗ್ ಚೈನ್, ಅಂದರೆ ವಾಲ್ವ್‌ಗಳನ್ನು ಎಂಜಿನ್ನಿನ ತಾಳಕ್ಕೆ ಓಡಿಸುವ ಸರಪಳಿ. ಆಯಿಲ್ ಸರಿಯಾಗಿ ಬದಲಿಸಿದ್ದರೆ ಅದರ ಗೊಡವೆ ಇಲ್ಲ. ಅಕಾರ್ಡ್ ವಿ6 ಕೊಳ್ಳುವವರು ಮಾತ್ರ ಎಚ್ಚರ: ಅದರಲ್ಲಿರುವುದು ಬೆಲ್ಟ್. ಬದಲಿಸಿದ ದಾಖಲೆ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿದು ಮೊದಲ ವಾರದಲ್ಲೇ ಹೊಸದು ಹಾಕಿಸಿ.

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ನಂಬಬಹುದೇ?

ಕ್ಯಾಮ್ರಿಯದನ್ನು ನಂಬಬಹುದು. ‘ಜೀವನಪರ್ಯಂತ ಆಯಿಲ್ ಬದಲಿಸಬೇಕಿಲ್ಲ’ ಎಂಬ ಮಾತನ್ನು ಮಾತ್ರ ನಂಬಬಾರದು. ಮೇ ತಿಂಗಳಲ್ಲಿ ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ಸುತ್ತ ತೆವಳುವ ಕಾರಿನ ಗೇರ್ ಆಯಿಲ್ ಎಷ್ಟು ಕಾಯುತ್ತದೆ ಎಂದು ಯೋಚಿಸಿ. ಐವತ್ತು-ಅರವತ್ತು ಸಾವಿರ ಕಿಲೋಮೀಟರಿಗೆ ಒಮ್ಮೆ, ಕಂಪನಿ ಹೇಳಿದ ಆಯಿಲನ್ನೇ ಹಾಕಿಸಿ. ಇಪ್ಪತ್ತು ವರ್ಷದಿಂದ ಬದಲಿಸದೆ ಕಪ್ಪಾಗಿದ್ದರೆ ಯಂತ್ರ ಹಚ್ಚಿ ಪೂರ್ತಿ ತೊಳೆಸಬೇಡಿ. ಸ್ವಲ್ಪ ಇಳಿಸಿ ಅಷ್ಟನ್ನೇ ತುಂಬಿಸಿ, ಕೆಲವು ವಾರ ಓಡಿಸಿ, ಮತ್ತೆ ಹಾಗೆಯೇ ಮಾಡಿಸಿ.

ಎರಡನೇ ತಲೆಮಾರಿನ ಟಿಯಾನಾ ಮತ್ತು ಆಟೋಮ್ಯಾಟಿಕ್ ಕಿಜಾಶಿಯಲ್ಲಿರುವುದು ಸಿವಿಟಿ, ಅಂದರೆ ಗೇರುಗಳ ಬದಲು ಉಕ್ಕಿನ ಬೆಲ್ಟು ಮತ್ತು ಎರಡು ರಾಟೆಗಳು. ಇದಕ್ಕೆ ಮಾಮೂಲಿ ಗೇರ್ ಆಯಿಲ್ ಸುರಿದರೆ ಬೆಲ್ಟು ಜಾರಿ ಇಡೀ ಪೆಟ್ಟಿಗೆ ಹಾಳಾಗುತ್ತದೆ. ನಮ್ಮ ಭಾಗದಲ್ಲಿ ಇದನ್ನು ಬಿಚ್ಚಿ ಜೋಡಿಸುವ ಕೈಗಳು ವಿರಳ. ಬದಲಿ ಪೆಟ್ಟಿಗೆಗೆ ಕಾರಿನ ಬೆಲೆಯ ಅರ್ಧಕ್ಕಿಂತ ಹೆಚ್ಚು ಹೋದರೆ ಆಶ್ಚರ್ಯವಿಲ್ಲ. ಪರೀಕ್ಷೆಗೆ ಓಡಿಸುವಾಗ ಅರ್ಧ ಗಂಟೆಯಾದರೂ ಓಡಿಸಿ ಚೆನ್ನಾಗಿ ಬಿಸಿಯಾಗಲಿ. ಆಮೇಲೆ ಮೇಲ್ಸೇತುವೆಯ ಏರಿನಲ್ಲಿ ನಿಲ್ಲಿಸಿ ನಿಧಾನ ಹೊರಡಿಸಿ. ನಡುಕ, ಗುಂಯ್ ಸದ್ದು, ಆರ್‌ಪಿಎಂ ಮಾತ್ರ ಏರಿ ಕಾರು ಮುಂದೆ ಹೋಗದಿರುವುದು, ಇವುಗಳಲ್ಲಿ ಒಂದು ಕಂಡರೂ ಕೀಲಿ ವಾಪಸ್ ಕೊಡಿ. ಕಿಜಾಶಿ ಬೇಕೆಂದರೆ ಆರು ಗೇರಿನ ಮ್ಯಾನ್ಯುಯಲ್ ಹುಡುಕಿ. ಓಡಿಸಲೂ ಅದೇ ಸೊಗಸು.

ನಮ್ಮ ರಸ್ತೆ, ಧೂಳು, ನೀರಿಗೆ ಇವು ತಡೆಯುತ್ತವೆಯೇ?

ಲೋಹದ ಭಾಗಗಳು ತಡೆಯುತ್ತವೆ. ರಬ್ಬರ್, ಪ್ಲಾಸ್ಟಿಕ್ ತಡೆಯುವುದಿಲ್ಲ. ಹಳೆಯ ಜಪಾನಿ ಕಾರಿನ ರಿಪೇರಿ ಖರ್ಚಿನ ಬಹುಪಾಲು ಇದೇ.

ಎಂಜಿನ್ ಮೌಂಟಿಂಗ್, ಲೋವರ್ ಆರ್ಮ್ ಬುಷ್, ಸ್ಟೆಬಿಲೈಸರ್ ಲಿಂಕ್, ಸ್ಟ್ರಟ್‌ನ ಮೇಲಿನ ರಬ್ಬರ್, ರೇಡಿಯೇಟರ್ ಹೋಸ್, ಪವರ್ ಸ್ಟೇರಿಂಗ್ ಪಂಪಿನ ಓ-ರಿಂಗ್, ಬಾಗಿಲ ಬೀಡಿಂಗ್, ವಾಲ್ವ್ ಕವರ್ ಗ್ಯಾಸ್ಕೆಟ್. ಕಿಲೋಮೀಟರ್ ಕಡಿಮೆ ಓಡಿದ್ದರೂ ವಯಸ್ಸಿಗೇ ಇವು ಗಟ್ಟಿಯಾಗಿ ಬಿರಿಯುತ್ತವೆ. ಆದ್ದರಿಂದ ‘ಬರೀ ನಲವತ್ತು ಸಾವಿರ ಓಡಿದೆ’ ಎನ್ನುವ 2008ರ ಕಾರಿಗಿಂತ, ಒಂದೂವರೆ ಲಕ್ಷ ಓಡಿ ಇವೆಲ್ಲ ಬದಲಾಗಿರುವ ಕಾರು ಮೇಲು. ಡ್ರೈವ್‌ನಲ್ಲಿ ಬ್ರೇಕ್ ಹಿಡಿದು ನಿಂತಾಗ ಸ್ಟೇರಿಂಗ್ ನಡುಗಿದರೆ ಮೌಂಟಿಂಗ್ ಹೋಗಿದೆ. ಉಬ್ಬಿನ ಮೇಲೆ ನಿಧಾನ ಹೋಗುವಾಗ ಟಕ್ ಟಕ್ ಎಂದರೆ ಲಿಂಕ್ ಅಥವಾ ಬುಷ್. ಸ್ಟ್ರಟ್ ಎಂದು ಹೇಳಿ ದುಬಾರಿ ಬಿಲ್ಲು ಮಾಡುವ ಮುನ್ನ ಮೊದಲು ಈ ಸಣ್ಣ ಭಾಗಗಳನ್ನು ನೋಡಿಸಿ.

ನವಲಗುಂದ, ರೋಣ, ಗದಗದ ಕಡೆಯ ಎರೆ ಭೂಮಿಯ ಧೂಳು ಹಿಟ್ಟಿನಂತೆ ನುಣುಪು. ಏರ್ ಫಿಲ್ಟರನ್ನು ಪುಸ್ತಕದಲ್ಲಿ ಬರೆದ ಅರ್ಧ ಅವಧಿಗೇ ಬದಲಿಸಿ. ಏಸಿ ಫಿಲ್ಟರ್ ಕೂಡ. ಮಳೆಗಾಲದಲ್ಲಿ ಅದೇ ಮಣ್ಣು ಚಕ್ರದ ಒಳಗೋಡೆಗೆ ಮೆತ್ತಿಕೊಂಡು ಒಣಗಿದರೆ ಚಕ್ರ ತಿರುಗಿಸುವ ಆಕ್ಸಲಿನ ಸಿವಿ ಜಾಯಿಂಟಿನ ರಬ್ಬರ್ ಚೀಲ ಹರಿಯುತ್ತದೆ. ಹೊಲದ ದಾರಿಯಿಂದ ಬಂದ ದಿನವೇ ನೀರು ಹಾಯಿಸಿ ತೊಳೆಯಿರಿ.

ನೀರಿನ ವಿಷಯ ಇನ್ನೂ ಗಂಭೀರ. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುವ ಅಭ್ಯಾಸ ನಮ್ಮಲ್ಲಿ ಎಷ್ಟು ಬೇರೂರಿದೆ ಎಂದರೆ, ದಾರಿಯಲ್ಲಿ ನಿಂತ ಕಾರಿಗೆ ಸಹಾಯ ಮಾಡಲು ಬರುವವರು ಮೊದಲು ತರುವುದೇ ಒಂದು ಕೊಡ ನೀರು. ಗದಗ ಜಿಲ್ಲೆಯ ಗಡಸು ನೀರು ಪಾತ್ರೆಯಲ್ಲಿ ಬಿಡುವ ಬಿಳಿ ಪದರವನ್ನೇ ಎಂಜಿನ್ನಿನ ನೀರಿನ ದಾರಿಯಲ್ಲೂ ಕಟ್ಟುತ್ತದೆ. ಅಲ್ಲಿಂದ ಎಂಜಿನ್ ಕಾಯುವುದು, ಹೆಡ್ ಗ್ಯಾಸ್ಕೆಟ್ ಸುಡುವುದು ದೂರವಿಲ್ಲ. ಕೂಲಂಟ್ ಇಲ್ಲದಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಾದರೂ ಇರಲಿ. ಎರಡು ಬಾಟಲಿ ಡಿಕ್ಕಿಯಲ್ಲಿ ಸದಾ ಇಟ್ಟುಕೊಳ್ಳಿ.

ಬಿಡಿಭಾಗ ಎಲ್ಲಿ ಸಿಗುತ್ತದೆ?

ಫಿಲ್ಟರ್, ಪ್ಲಗ್, ಬ್ರೇಕ್ ಪ್ಯಾಡ್, ಬೇರಿಂಗ್ ಹುಬ್ಬಳ್ಳಿಯಲ್ಲೇ ಸಿಗುತ್ತವೆ, ಇಲ್ಲವೆಂದರೆ ಎರಡು ದಿನದಲ್ಲಿ ತರಿಸಿಕೊಡುತ್ತಾರೆ. ಸಸ್ಪೆನ್ಷನ್ ಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ. ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿದರೆ ಬೆಳಿಗ್ಗೆ ಕೈಯಲ್ಲಿರುತ್ತದೆ. ಹೆಡ್‌ಲೈಟ್, ಬಂಪರ್, ಕನ್ನಡಿ, ಗಾಜು ಇವೇ ನಿಜವಾದ ತಲೆನೋವು, ಅದರಲ್ಲೂ ಕಿಜಾಶಿಗೆ. ಒಂದು ಹೆಡ್‌ಲೈಟಿಗಾಗಿ ಮುಂಬೈಯ ಕುರ್ಲಾ, ದೆಹಲಿಯ ಮಾಯಾಪುರಿಯ ಗುಜರಿಯವರಿಗೆ ಫೋನ್ ಮಾಡುತ್ತ ಕೂರಬೇಕಾಗುತ್ತದೆ. ಕ್ಯಾಮ್ರಿ ಕೊಲ್ಲಿ ದೇಶಗಳಲ್ಲಿ ಟ್ಯಾಕ್ಸಿಯಾಗಿಯೂ ಓಡುವ ಕಾರು. ದುಬೈಯಲ್ಲಿ ಬಂಧುಗಳಿದ್ದರೆ ಸೆನ್ಸರ್, ಸ್ವಿಚ್‌ನಂಥ ಸಣ್ಣ ಭಾಗಗಳನ್ನು ರಜೆಗೆ ಬರುವಾಗ ತರಿಸಬಹುದು.

ಒಂದೇ ನಿಯಮ: ಹೆಸರು ಹೇಳಿ ಕೇಳಬೇಡಿ, ಪಾರ್ಟ್ ನಂಬರ್ ಹೇಳಿ ಕೇಳಿ. ಚಾಸಿಸ್ ಸಂಖ್ಯೆ ಕೊಟ್ಟರೆ ಕಂಪನಿಯ ಕೌಂಟರಿನಲ್ಲಿ ನಂಬರ್ ತೆಗೆದುಕೊಡುತ್ತಾರೆ. ಕಾರಿನಲ್ಲಿ ಅದಕ್ಕೊಂದು ಪುಸ್ತಕ ಇಡಿ.

ಕಂಪನಿಯ ಸರ್ವೀಸ್ ಸೆಂಟರೋ, ಹೊರಗಿನ ಗ್ಯಾರೇಜೋ?

ಸ್ಕ್ಯಾನರ್ ಹಚ್ಚಿ ದೋಷ ಪತ್ತೆ ಮಾಡುವುದು, ಗೇರ್ ಆಯಿಲ್, ಏರ್‌ಬ್ಯಾಗ್ ಕಂಪನಿಯಲ್ಲಿ. ಬುಷ್, ಬ್ರೇಕ್, ರೇಡಿಯೇಟರ್, ಏಸಿ ಹೊರಗೆ. ಗೋಕುಲ ರಸ್ತೆಯ ಉದ್ದಕ್ಕೂ ಒಳ್ಳೆಯ ಕೈಗಳಿವೆ. ಇಂಥ ಕಾರನ್ನು ಮುಟ್ಟಲು ಇಷ್ಟಪಡುವ ಮೇಸ್ತ್ರಿಯನ್ನು ಹುಡುಕಿ, ಅವರನ್ನೇ ಹಿಡಿದುಕೊಳ್ಳಿ. ಬಿಡಿಭಾಗ ಬರುವವರೆಗೆ ನಾಲ್ಕು ದಿನ ಕಾರು ಅಲ್ಲಿ ನಿಂತರೆ ಗೊಣಗಬೇಡಿ. ಅವರ ಜಾಗಕ್ಕೂ ಬೆಲೆ ಇದೆ.

ಏರ್‌ಬ್ಯಾಗ್ ವಾಪಸಾತಿ ಎಂದರೇನು? ನನ್ನ ಕಾರಿಗೂ ಅನ್ವಯಿಸುತ್ತದೆಯೇ?

ದಯವಿಟ್ಟು ಇದೊಂದನ್ನು ನಾಳೆಗೆ ಬಿಡಬೇಡಿ. ಟಕಾಟಾ ಎಂಬ ಜಪಾನಿ ಕಂಪನಿ ತಯಾರಿಸಿದ ಏರ್‌ಬ್ಯಾಗ್ ಇನ್‌ಫ್ಲೇಟರ್‌ಗಳಲ್ಲಿದ್ದ (ಚೀಲವನ್ನು ಉಬ್ಬಿಸುವ ಲೋಹದ ಡಬ್ಬಿಗಳು) ರಾಸಾಯನಿಕ ಸೆಕೆ ಮತ್ತು ತೇವಕ್ಕೆ ವರ್ಷಗಳಲ್ಲಿ ಕೆಟ್ಟು, ಅಪಘಾತದ ವೇಳೆ ಲೋಹದ ಡಬ್ಬಿಯೇ ಸಿಡಿದು ಚೂರುಗಳು ಎದೆ, ಕುತ್ತಿಗೆಗೆ ನುಗ್ಗುತ್ತವೆ. ಜಗತ್ತಿನಾದ್ಯಂತ ಜನ ಸತ್ತಿದ್ದಾರೆ. ಭಾರತದಲ್ಲಿ ಅಕಾರ್ಡ್, ಸಿವಿಕ್, ಸಿಟಿ ಸೇರಿದಂತೆ ಹಲವು ಹೊಂಡಾ ಕಾರುಗಳನ್ನು ಇದಕ್ಕಾಗಿ ವಾಪಸ್ ಕರೆಯಲಾಯಿತು. ಬೇರೆ ಜಪಾನಿ ಕಂಪನಿಗಳ ಕಾರುಗಳೂ ಇದ್ದವು. ಚಾಸಿಸ್ ಸಂಖ್ಯೆಯನ್ನು ಕಂಪನಿಯ ತಾಣದಲ್ಲಿ ಹಾಕಿದರೆ ನಿಮ್ಮ ಕಾರು ಪಟ್ಟಿಯಲ್ಲಿದೆಯೇ ತಿಳಿಯುತ್ತದೆ. ಇದ್ದರೆ ಉಚಿತವಾಗಿ ಬದಲಿಸಿಕೊಡುತ್ತಾರೆ. ನೀವು ಎಷ್ಟನೇ ಮಾಲೀಕರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಇಪ್ಪತ್ತು ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್ ಹಾನಿ ಮಾಡುತ್ತದೆಯೇ?

ಈ ಕಾರುಗಳನ್ನು ಅಷ್ಟು ಎಥನಾಲ್‌ಗೆ ತಯಾರಿಸಿರಲಿಲ್ಲ. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟೇ ಇರುವುದರಿಂದ ಮೈಲೇಜ್ ಇಳಿಯುತ್ತದೆ. ಜೊತೆಗೆ ಅದು ತೇವ ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಇಂಧನದ ಹೋಸ್‌ಗಳನ್ನು ಒಮ್ಮೆ ಹೊಸದಾಗಿ ಹಾಕಿಸಿ. ಟ್ಯಾಂಕು ಅರ್ಧಕ್ಕಿಂತ ಕಡಿಮೆ ಇಟ್ಟು ವಾರಗಟ್ಟಲೆ ನಿಲ್ಲಿಸಬೇಡಿ. ಕಾರಿನ ಒಳಗೆ ಪೆಟ್ರೋಲ್ ವಾಸನೆ ಬಂದರೆ ಅಲ್ಲೇ ನಿಲ್ಲಿಸಿ, ಎಂಜಿನ್ ಆರಿಸಿ, ಮೇಸ್ತ್ರಿಯನ್ನು ಕರೆಸಿ.

ಒಟ್ಟು ವರ್ಷಕ್ಕೆ ಎಷ್ಟು ಹಿಡಿಯಬೇಕು?

ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಎಂದು ಲೆಕ್ಕ ಹಾಕೋಣ. ಹುಬ್ಬಳ್ಳಿ-ಧಾರವಾಡದ ನಡುವಿನ ಓಡಾಟ, ಆಗಾಗ ಬೆಂಗಳೂರು ಸೇರಿದರೆ 2.4 ಲೀಟರಿನ ಆಟೋಮ್ಯಾಟಿಕ್ ಕಾರು ಲೀಟರಿಗೆ ಸರಾಸರಿ ಒಂಬತ್ತು ಕಿಲೋಮೀಟರ್ ಕೊಡುತ್ತದೆ. ಲೀಟರಿಗೆ ನೂರು ರೂಪಾಯಿ ಎಂದರೂ ಪೆಟ್ರೋಲಿಗೇ 1.1 ಲಕ್ಷ. 1,500 ಸಿಸಿ ಮೀರಿದ ಕಾರಿನ ಥರ್ಡ್ ಪಾರ್ಟಿ ವಿಮೆ 2022ರ ಜೂನ್‌ನಿಂದ ಜಾರಿಯಲ್ಲಿರುವ ದರದಂತೆ 7,897 ರೂಪಾಯಿ. ಜಿಎಸ್‌ಟಿ ಸೇರಿದರೆ ಒಂಬತ್ತು ಸಾವಿರ ದಾಟುತ್ತದೆ. ಆರ್‌ಸಿಯ 40,000ವನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 8,000. ಸರ್ವೀಸ್, ರಬ್ಬರ್ ಭಾಗ, ಬ್ಯಾಟರಿ, ಟೈರಿನ ಪಾಲು ಎಲ್ಲ ಸೇರಿ ಐವತ್ತು ಸಾವಿರ ಇಡಿ. ಒಟ್ಟು ಒಂದೂಮುಕ್ಕಾಲು ಲಕ್ಷ. ಮೊದಲ ವರ್ಷ ಇನ್ನೂ ಐವತ್ತು ಸಾವಿರ ಹೆಚ್ಚು ಬೇಕು, ಏಕೆಂದರೆ ಹಿಂದಿನವರು ಮುಂದೂಡಿದ ಕೆಲಸಗಳೆಲ್ಲ ನಿಮ್ಮ ಕೈಗೆ ಬರುತ್ತವೆ.

ಈ ಮೊತ್ತ ಭಾರವೆನಿಸಿದರೆ ಅದೇ ಹಣಕ್ಕೆ ಐದಾರು ವರ್ಷ ಹಳೆಯ ಸಣ್ಣ ಕಾರು ಕೊಳ್ಳಿ. ಅದರಲ್ಲಿ ಅವಮಾನವೇನೂ ಇಲ್ಲ. ದೊಡ್ಡ ಕಾರನ್ನು ಅರೆಬರೆ ರಿಪೇರಿಯಲ್ಲಿ, ಸವೆದ ಟೈರಿನಲ್ಲಿ ಹೆದ್ದಾರಿಗೆ ಇಳಿಸುವುದು ಮಾತ್ರ ತಪ್ಪು.

ಪೂರ್ಣ ವಿಮೆ ಸಿಗುತ್ತದೆಯೇ?

ಕೆಲವು ಕಂಪನಿಗಳು ಕಾರು ನೋಡಿ ಕೊಡುತ್ತವೆ. ಐದು ವರ್ಷ ದಾಟಿದ ಕಾರಿನ ವಿಮಾ ಮೌಲ್ಯವನ್ನು ಮಾತುಕತೆಯಲ್ಲಿ ನಿಗದಿ ಮಾಡುತ್ತಾರೆ. ಕ್ಲೇಮಿನಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧವೇ ಸಿಗುವುದರಿಂದ ಬಂಪರ್ ಒಡೆದರೆ ಹೆಚ್ಚಿನ ಪಾಲು ನಿಮ್ಮ ಜೇಬಿನದು.

ಸಿಎನ್‌ಜಿ ಕಿಟ್ ಹಾಕಿಸಲೇ?

ಬೇಡ. ಡಿಕ್ಕಿ ಹೋಗುತ್ತದೆ, ಹಿಂದಿನ ಸ್ಪ್ರಿಂಗ್ ಕೂರುತ್ತದೆ, ಆರ್‌ಸಿಯಲ್ಲಿ ದಾಖಲಿಸುವ ಅಲೆದಾಟ ಬೇರೆ. ಇಂಧನದ ಖರ್ಚೇ ಚಿಂತೆಯಾಗಿದ್ದರೆ ಈ ಕಾರು ನಿಮಗೆ ಹೊಂದುವುದಿಲ್ಲ.

ಮಾವನವರ 2009ರ ಕ್ಯಾಮ್ರಿ ನಾಲ್ಕು ವರ್ಷದಿಂದ ಧಾರವಾಡದ ಮನೆಯಲ್ಲಿ ನಿಂತಿದೆ. ಎಬ್ಬಿಸಬಹುದೇ?

ಖಂಡಿತ. ಆದರೆ ಹೊಸ ಬ್ಯಾಟರಿ ಹಾಕಿ ತಕ್ಷಣ ಕೀಲಿ ತಿರುಗಿಸಬೇಡಿ. ಮೊದಲು ಬಾನೆಟ್ ತೆರೆದು ಇಲಿ ಕಡಿದ ವೈರುಗಳಿವೆಯೇ ನೋಡಿ. ಏರ್ ಫಿಲ್ಟರ್ ಡಬ್ಬಿಯಲ್ಲಿ ಗೂಡು ಕಟ್ಟಿರುವುದೂ ಉಂಟು. ಟ್ಯಾಂಕಿನ ಹಳೆಯ ಪೆಟ್ರೋಲ್ ಪೂರ್ತಿ ತೆಗೆಸಿ. ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಹೊಸದಾಗಲಿ. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದೆರಡು ಹನಿ ಎಂಜಿನ್ ಆಯಿಲ್ ಬಿಟ್ಟು, ಪಾನೆಯಿಂದ ಕೈಯಲ್ಲೇ ಎಂಜಿನ್ನನ್ನು ಎರಡು ಸುತ್ತು ತಿರುಗಿಸಿ, ಸಲೀಸಾಗಿ ತಿರುಗಿದರೆ ಮಾತ್ರ ಸ್ಟಾರ್ಟ್ ಮಾಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಆರು ವರ್ಷ ದಾಟಿದ್ದರೆ ಹಲ್ಲು ಎಷ್ಟೇ ಇರಲಿ, ನಾಲ್ಕನ್ನೂ ಬದಲಿಸಿ. ಕ್ಯಾಮ್ರಿಗೆ 215/60 ಆರ್16 ಅಳತೆ, ಹುಬ್ಬಳ್ಳಿಯಲ್ಲಿ ಸುಲಭವಾಗಿ ಸಿಗುತ್ತದೆ. ಆರ್‌ಸಿ, ವಿಮೆ ಮುಗಿದಿರುವುದು ಬಹುತೇಕ ಖಚಿತ, ಅವು ಕೈಗೆ ಬರುವ ತನಕ ಗೇಟಿನ ಹೊರಗೆ ತರಬೇಡಿ.

ಮನೆಯವರು ಪ್ರೀತಿಯಿಂದ ಇಟ್ಟುಕೊಂಡ, ಯಾರ ಕೈಯಲ್ಲಿತ್ತು ಎಂದು ತಿಳಿದಿರುವ ಇಂಥ ಕಾರು ಮಾರುಕಟ್ಟೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಖರ್ಚು ಮಾಡಿ.

ಇನ್ನು ಸಾಕು ಎಂದು ಯಾವಾಗ ನಿರ್ಧರಿಸಬೇಕು?

ಸಬ್‌ಫ್ರೇಮ್ ಅಥವಾ ಸ್ಟ್ರಟ್ ಕೂರುವ ಜಾಗ ತುಕ್ಕಿಗೆ ತೂತಾದಾಗ. ಸಿವಿಟಿ ಸತ್ತಾಗ. ಸುರಕ್ಷತೆಗೆ ಬೇಕಾದ ಭಾಗ, ಉದಾಹರಣೆಗೆ ಎಬಿಎಸ್ ಘಟಕ, ಹೊಸದಾಗಲಿ ಹಳೆಯದಾಗಲಿ ಎಲ್ಲೂ ಸಿಗದಾದಾಗ. ಬೇರೆ ಯಾವುದೂ ಕಾರಣವಲ್ಲ, ಆಯಿಲ್ ಕುಡಿಯುವ ಎಂಜಿನ್ ಕೂಡ. ಆ ಹಂತ ಬಂದರೆ ಗುಜರಿಗೆ ಕೈಬದಲು ಮಾರಬೇಡಿ. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು, ಕಾರು ಒಪ್ಪಿಸಿದ್ದಕ್ಕೆ ಅವರು ಕೊಡುವ ಠೇವಣಿ ಪ್ರಮಾಣಪತ್ರ ಪಡೆಯಿರಿ, ಆರ್‌ಸಿ ರದ್ದಾಗಿದೆಯೇ ಎಂದು ನೀವೇ ನೋಡಿಕೊಳ್ಳಿ. ಇಲ್ಲದಿದ್ದರೆ ಬೇರೆ ಯಾರೋ ಓಡಿಸಿದ ಕಾರಿನ ದಂಡದ ನೋಟಿಸ್ ನಿಮ್ಮ ಮನೆಗೆ ಬರುತ್ತದೆ. ಹೆಡ್‌ಲೈಟ್, ಕನ್ನಡಿ, ಬಾಗಿಲ ಸ್ವಿಚ್‌ಗಳನ್ನು ಕೊಡುವ ಮುನ್ನ ಬಿಚ್ಚಿಸಿಕೊಂಡು ಇದೇ ಕಾರು ಇಟ್ಟುಕೊಂಡಿರುವ ಇನ್ನೊಬ್ಬರಿಗೆ ತಲುಪಿಸಿ. ಗದಗದಲ್ಲೋ ರಾಣೆಬೆನ್ನೂರಿನಲ್ಲೋ ಒಬ್ಬರು ಅದನ್ನೇ ಹುಡುಕುತ್ತಿರುತ್ತಾರೆ.